ಅಂಧರ ದಾರಿಯೂ ನಮ್ಮ ಹೋಟೆಲಿನ ಹಲಗೆಯೂ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಪುಣೆಯಲ್ಲಿ ಅಂಧರ ಶಾಲೆ ಹುಟ್ಟಿದ್ದು 1934ರಲ್ಲಿ. ಇಂದು ಈ ಊರಿನ ಅಂಧರು ನಮ್ಮಂತೆಯೇ ಬಸ್ಸು ಹತ್ತುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ನಮ್ಮ ಹೋಟೆಲುಗಳಿಗೂ ಬರುತ್ತಾರೆ. ಬರುವ ದಾರಿಯ ಕೊನೆಯ ಹತ್ತು ಹೆಜ್ಜೆ ನಮ್ಮ ಕೈಯಲ್ಲಿದೆ. ಇಂದಿನ ಮಾತು ಅದರ ಕುರಿತು.

ಬಿಳಿಯ ಕೋಲನ್ನು ತಾವೆಲ್ಲ ಕಂಡಿದ್ದೀರಿ. ನೆಲವನ್ನು ತಡವಿ ಅದು ಗುಂಡಿ, ಮೆಟ್ಟಿಲುಗಳನ್ನು ತಿಳಿಸುತ್ತದೆ. ಆದರೆ ಹಣೆಯ ಮಟ್ಟಕ್ಕೆ ತೂಗುವ ಬೋರ್ಡನ್ನಾಗಲಿ, ಎದೆಗೆ ಚಾಚಿದ ಕಬ್ಬಿಣದ ಸರಳನ್ನಾಗಲಿ ಅದು ಅರಿಯದು. ಈ ಕೊರತೆ ನೀಗಲೆಂದು ದಿಲ್ಲಿಯ ಐಐಟಿಯವರು ‘ಸ್ಮಾರ್ಟ್‌ಕೇನ್’ ಎಂಬ ಉಪಕರಣವನ್ನು 2014ರಲ್ಲಿ ಹೊರತಂದರು. ಕೋಲಿನ ಹಿಡಿಗೆ ಸಿಕ್ಕಿಸುವ ಸಾಧನವದು. ಬಾವಲಿಯಂತೆ, ನಮ್ಮ ಕಿವಿಗೆ ಕೇಳದ ಶಬ್ದವನ್ನು ಮುಂದಕ್ಕೆ ಬಿಡುತ್ತದೆ. ಶಬ್ದ ಯಾವುದಕ್ಕಾದರೂ ತಗಲಿ ಮರಳಿದರೆ ಹಿಡಿ ಕೈಯಲ್ಲಿ ಅದುರುತ್ತದೆ. ಮೊಣಕಾಲಿನಿಂದ ತಲೆಯವರೆಗಿನ ಅಡ್ಡಿ ಮೂರು ಮೀಟರು ದೂರದಿಂದಲೇ ತಿಳಿಯುತ್ತದೆ. ಹತ್ತಿರವಾದಂತೆ ಅದುರುವ ರೀತಿಯೂ ಬದಲಾಗುತ್ತದೆ.

ಇನ್ನು ದಾರಿ ನಡೆಸುವ ನಾಯಿ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸಿಪಾಯಿಗಳಿಗಾಗಿ ಜರ್ಮನಿಯಲ್ಲಿ 1916ರಲ್ಲಿ ಇದರ ಶಾಲೆ ತೆರೆಯಿತು. ಎತ್ತ ಹೋಗಬೇಕೆಂದು ಹೇಳುವವನು ಯಜಮಾನ; ಅಡ್ಡಿಯನ್ನು ಬಳಸಿ ನಡೆಸುವುದು ನಾಯಿ. ಗಾಡಿ ಬರುತ್ತಿದ್ದರೆ ‘ನಡೆ’ ಎಂದರೂ ಅದು ಕದಲದು. ಅಮೆರಿಕದಲ್ಲಿ 1990ರ ಕಾನೂನಿನಂತೆ ಹೋಟೆಲಿನವರು ಅಂಥ ನಾಯಿಯನ್ನು ತಡೆಯುವಂತಿಲ್ಲ. ನಮ್ಮ ಬೀದಿಗಳಲ್ಲಿ ಅದು ಬಲು ಅಪರೂಪ. ಎಂದಾದರೂ ನಮ್ಮ ಬಾಗಿಲಿಗೆ ಬಂದರೆ ‘ಹಚಾ’ ಎನ್ನಬೇಡಿ. ತಟ್ಟೆಯಲ್ಲಿ ಉಳಿದದ್ದನ್ನು ಹಾಕಲೂ ಬೇಡಿ. ಅದು ಡ್ಯೂಟಿಯ ಮೇಲಿರುತ್ತದೆ!

ಫುಟ್‌ಪಾತಿನಲ್ಲಿ ಉಬ್ಬುಗೆರೆಯ ಟೈಲುಗಳನ್ನು ಕಂಡಿದ್ದೀರಲ್ಲ? ಅವು ಅಲಂಕಾರಕ್ಕಲ್ಲ. 1967ರಲ್ಲಿ ಜಪಾನಿನಲ್ಲಿ ಮೊದಲು ಹಾಸಿದ್ದು. ಗೆರೆಯಿದ್ದರೆ ನಡೆಯಿರಿ, ಚುಕ್ಕೆಯಿದ್ದರೆ ನಿಲ್ಲಿರಿ ಎಂದರ್ಥ. ಅದರ ಮೇಲೆ ನಾವು ಇಡುವುದೇನು? ಹಾಲಿನ ಕ್ರೇಟು, ಗ್ಯಾಸಿನ ಸಿಲಿಂಡರು, ‘ಇಂದಿನ ವಿಶೇಷ’ದ ಹಲಗೆ. ಯಂತ್ರ ಅದುರಿ ಎಚ್ಚರಿಸೀತು, ಕ್ರೇಟನ್ನು ಸರಿಸಲಾರದು. ಬಳಸಿ ಹೋಗಲು ಅವರು ರಸ್ತೆಗಿಳಿಯಬೇಕು, ಪುಣೆಯ ಸ್ಕೂಟರುಗಳ ನಡುವೆ.

ಧಣಿಗಳು ಇಡಲು ಹೇಳುತ್ತಾರೆ, ನಾವೇನು ಮಾಡುವುದು ಎಂದು ತಾವು ಕೇಳಬಹುದು. ಇಡುವ ಕೈ ನಮ್ಮದಲ್ಲವೇ? ಗೋಡೆಗೊತ್ತಿ ಇಟ್ಟರೆ ಯಾರ ವ್ಯಾಪಾರವೂ ಕೆಡದು. ದಿನವೂ ಒಂದೇ ಜಾಗದಲ್ಲಿಡಿ. ದಿನಾ ಬರುವವರು ನೆನಪಿಟ್ಟುಕೊಳ್ಳುತ್ತಾರೆ.

ಬಾಗಿಲಿಗೆ ಬಂದವರ ಕೋಲನ್ನು ಹಿಡಿದೆಳೆಯಬೇಡಿ. ‘ನಾನು ಮಾಣಿ, ಬರ್ತೀರಾ?’ ಎಂದು ಕೇಳಿ ಮೊಣಕೈ ಕೊಡಿ. ಹಿಡಿದು ಹಿಂದೆ ಬರುತ್ತಾರೆ. ತಟ್ಟೆಯನ್ನಿಟ್ಟು ಗಡಿಯಾರದ ಲೆಕ್ಕದಲ್ಲಿ ಹೇಳಿ: ಆರು ಗಂಟೆಗೆ ಇಡ್ಲಿ, ಮೂರಕ್ಕೆ ಚಟ್ನಿ, ಹನ್ನೆರಡಕ್ಕೆ ಸಾಂಬಾರು. ಚಹಾ ಬಿಸಿಯಿದ್ದರೆ, ಲೋಟ ಮೇಜಿಗೆ ತಾಗುವ ಮೊದಲೇ ಹೇಳಿ.