ಘಟಸರ್ಪವೂ ನಾಗರಕಲ್ಲೂ

ಡ್ರ್ಯಾಗನ್ ಎಂಬುದಕ್ಕೆ ಕನ್ನಡ ಒಂದೇ ಹೆಸರಿಗೆ ಕಟ್ಟುಬಿದ್ದಿಲ್ಲ. ಬೈಬಲ್ಲಿನ ಕೊನೆಯ ಪುಸ್ತಕದಲ್ಲಿ ಸೈತಾನನ ರೂಪವಾಗಿ ಬರುವ ಏಳು ತಲೆಯ ಕೆಂಪು ಪ್ರಾಣಿಯನ್ನು ಕನ್ನಡ ಅನುವಾದ ‘ಘಟಸರ್ಪ’ ಎಂದು ಕರೆಯಿತು. ಚೀನಾದ ಅನುವಾದಕರ ದಾರಿ ಬೇರೆ. ಬೌದ್ಧ ಗ್ರಂಥಗಳ ‘ನಾಗ’ನಿಗೆ ಅವರು ತಮ್ಮ ‘ಲೊಂಗ್’ ಎಂಬ ಪದವನ್ನೇ ಕೊಟ್ಟರು. ನಾಗಾರ್ಜುನನ ಚೀನೀ ಹೆಸರಿನಲ್ಲೂ ಆ ಲೊಂಗ್ ಇದೆ. ಲೊಂಗ್ ಬೌದ್ಧಧರ್ಮಕ್ಕಿಂತ ಬಹಳ ಹಳೆಯದು ನಿಜ. ಆದರೆ ಕಡಲೊಳಗೆ ಅರಮನೆ ಕಟ್ಟಿಕೊಂಡು ಮಳೆ ಸುರಿಸುವ ಅಲ್ಲಿನ ಡ್ರ್ಯಾಗನ್ ರಾಜರಲ್ಲಿ ಭಾರತದ ನಾಗರಾಜರ ಗುರುತು ಸ್ಪಷ್ಟ.

ಯುರೋಪಿನ ಡ್ರ್ಯಾಗನ್‌ಗೆ ರೆಕ್ಕೆಯುಂಟು, ಬಾಯಲ್ಲಿ ಬೆಂಕಿಯುಂಟು. ಹೊನ್ನಿನ ರಾಶಿ ಕಾಯುವುದು ಅದರ ಕೆಲಸ. ಸಂತ ಜಾರ್ಜ್ ಅದನ್ನು ಕೊಂದ ಮೇಲೆಯೇ ಊರಿಗೆ ನೆಮ್ಮದಿ. ವೇಲ್ಸ್ ಮಾತ್ರ ತನ್ನ ಬಾವುಟದ ಮೇಲೆ ಕೆಂಪು ಡ್ರ್ಯಾಗನ್ನನ್ನು ಹೆಮ್ಮೆಯಿಂದ ಇಟ್ಟುಕೊಂಡಿದೆ. ಚೀನಾದ ಲೊಂಗ್ ಸಾಮಾನ್ಯವಾಗಿ ರೆಕ್ಕೆಯಿಲ್ಲದೆಯೇ ಮೋಡಗಳಲ್ಲಿ ತೇಲುತ್ತದೆ. ನದಿ, ಮಳೆ ಅದರ ವಶ. ಐದು ಉಗುರಿನ ಲೊಂಗ್ ಚಕ್ರವರ್ತಿಯ ಲಾಂಛನ.

ಬೆಂಕಿ ಮತ್ತು ನೀರಿನ ಈ ಭೇದದಲ್ಲಿ ಕನ್ನಡನಾಡು ನೀರಿನ ಕಡೆಗಿದೆ. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ಐದು ಹೆಡೆಯ ನಾಗಶಿಲ್ಪ ಇದಕ್ಕೆ ಅತಿ ಹಳೆಯ ಸಾಕ್ಷಿಗಳಲ್ಲೊಂದು. ಚುಟು ಅರಸರ ಕಾಲದ ಅದರ ಪ್ರಾಕೃತ ಶಾಸನದ ಪ್ರಕಾರ, ರಾಜಕುಮಾರಿಯೊಬ್ಬಳು ನಾಗ, ಕೆರೆ, ವಿಹಾರ ಮೂರನ್ನೂ ಒಟ್ಟಿಗೆ ದಾನ ಕೊಟ್ಟಳು. ಹೆಡೆಯ ಕಲ್ಲನ್ನೂ ಕೆರೆಯನ್ನೂ ಒಂದೇ ಪುಣ್ಯವಾಗಿ ಕಂಡ ಆ ಮನಸ್ಸು ದೊಡ್ಡದು. ಇಂದಿಗೂ ಹೊಸ ನಾಗರಕಲ್ಲನ್ನು ಪ್ರತಿಷ್ಠೆಗೆ ಮುನ್ನ ನೀರಿನಲ್ಲಿ ಇರಿಸುವ ರೂಢಿಯಿದೆ. ಮಕ್ಕಳ ಹರಕೆ ಹೊತ್ತವರು ಅದಕ್ಕೆ ತನಿ ಎರೆಯುತ್ತಾರೆ.

ಹಾಗೆಂದು ಪೂರ್ವದ ಸರ್ಪವೆಲ್ಲ ಸೌಮ್ಯವಲ್ಲ. ನೀರನ್ನು ತಡೆದಿಟ್ಟ ವೃತ್ರನನ್ನು ಇಂದ್ರ ಕೊಂದೇ ಬಿಡುತ್ತಾನೆ. ಕಾಳಿಯನ ಕಥೆ ಇನ್ನೂ ಸೂಕ್ಷ್ಮ: ಕೃಷ್ಣ ಅವನ ಹೆಡೆಯ ಮೇಲೆ ಕುಣಿದು ದರ್ಪವಿಳಿಸುತ್ತಾನೆ, ಆದರೆ ಕೊಲ್ಲದೆ ಯಮುನೆಯಿಂದ ಬೇರೆಡೆಗೆ ಕಳಿಸುತ್ತಾನೆ. ನಿಧಿ ಕಾಯುವ ಸರ್ಪವಂತೂ ಇಲ್ಲಿನ ಹಳ್ಳಿಹಳ್ಳಿಯ ಕಥೆಗಳಲ್ಲೂ ಇದೆ. ಅಷ್ಟರಮಟ್ಟಿಗೆ ಯುರೋಪ್ ದೂರವಲ್ಲ.

ಗುಣದಲ್ಲಿ ಲೊಂಗ್‌ಗೆ ಹತ್ತಿರವಿರುವುದು ನಾಗ, ಮೈಕಟ್ಟಿನಲ್ಲಿ ಮಕರ. ಲೊಂಗ್ ಜಿಂಕೆಯ ಕೊಂಬು, ಮೀನಿನ ಹುರುಪೆ, ಹದ್ದಿನ ಉಗುರು ಕೂಡಿದ ಪ್ರಾಣಿ. ಹಳೇಬೀಡಿನ ಗೋಡೆಪಟ್ಟಿಯ ಮಕರವೂ ಹೀಗೆಯೇ ಹಲವು ಪ್ರಾಣಿಗಳ ಕೂಡಿಕೆ, ವರುಣನ ವಾಹನ.

ನಾಗ ಮತ್ತು ನೀರಿನ ಈ ನಂಟಿನ ಹುಡುಕಾಟ ಪುಸ್ತಕದಾಚೆಗೂ ಚಾಚಬೇಕು. ಬೆಂಗಳೂರಿನ ಬ್ಯಾಟರಾಯನಪುರದ ಆಸುಪಾಸಿನಲ್ಲಿ ಅಮೃತಹಳ್ಳಿ, ರಾಚೇನಹಳ್ಳಿ, ಜಕ್ಕೂರು ಕೆರೆಗಳಿವೆ. ನಗರ ನುಂಗಿದ ಈ ಭಾಗದ ಹಳ್ಳಿಗಳಲ್ಲಿ ಅರಳಿಕಟ್ಟೆಗಳಿವೆ. ಕಟ್ಟೆಯ ಯಾವ ನಾಗರಕಲ್ಲು ಯಾವ ಕೆರೆಯ ಏರಿಗೆ, ಯಾವ ತೂಬಿಗೆ ಹತ್ತಿರ ನಿಂತಿದೆ ಎಂಬುದನ್ನು ಕಲ್ಲುಕಲ್ಲಾಗಿ ಗುರುತಿಸಿದರೆ, ಬನವಾಸಿಯ ಆ ಜೋಡಿದಾನ ಒಬ್ಬ ರಾಜಕುಮಾರಿಯ ಭಕ್ತಿಯಷ್ಟೆಯೋ, ನಾಡಿನ ನಡವಳಿಕೆಯೋ ಎಂಬುದು ಗೊತ್ತಾಗುತ್ತದೆ.