ಹೊಗಳಿಕೆಯಲ್ಲಿ ಉಳಿದ ಇತಿಹಾಸ

ನೈಋತ್ಯ ನೈಜೀರಿಯಾದ ಯೊರುಬಾ ಜನರ ‘ಒರಿಕಿ’ ಹೊಗಳುಭಟ್ಟರ ಕಸುಬಲ್ಲ. ವ್ಯಕ್ತಿ, ವಂಶ, ಊರು, ದೇವತೆ ಎಲ್ಲಕ್ಕೂ ಒರಿಕಿ ಉಂಟು. ಹಿರಿಮೆಯ ಜತೆ ಕುಂದುಕೊರತೆಗೂ ಅದರಲ್ಲಿ ಜಾಗವಿದೆ. ಒಕುಕು ಪಟ್ಟಣದಲ್ಲಿ ನೆಲೆಸಿ ಅಧ್ಯಯನ ಮಾಡಿದ ಕರಿನ್ ಬಾರ್ಬರ್ 1991ರ ಗ್ರಂಥದಲ್ಲಿ ತೋರಿಸಿದಂತೆ, ಅಲ್ಲಿ ಇದನ್ನು ಹಾಡುವವರು ಮುಖ್ಯವಾಗಿ ಹೆಂಗಸರು. ತವರಿನ ಒರಿಕಿಯೊಂದಿಗೆ ಬಂದ ಸೊಸೆ ಗಂಡನ ಮನೆಯದನ್ನೂ ಕಲಿಯುತ್ತಾಳೆ. ಆದರೆ ಸಾಲುಗಳೆಲ್ಲ ಬಿಡಿಬಿಡಿ. ಅವುಗಳ ಹಿಂದಿನ ಘಟನೆ ತಿಳಿಯಬೇಕಾದರೆ ‘ಇತಾನ್’ ಎಂಬ ಕಥನ ಬೇಕು. ಅದನ್ನು ಹೇಳುವವರು ಹೆಚ್ಚಾಗಿ ಹಿರಿಯ ಗಂಡಸರು. ಕಥೆ ಬಲ್ಲ ಮುದುಕ ತೀರಿಕೊಂಡರೆ ಸಾಲಿನ ಅರ್ಥವೂ ಹೋಯಿತು. ಹೆಂಗಸರು ಮಾತ್ರ ಅದನ್ನು ಬಿಡುವುದಿಲ್ಲ. ಒರಿಕಿಯಿಂದ ಕರೆದರೆ ಸತ್ತ ಹಿರಿಯರಿಗೂ ಕೇಳಿಸುತ್ತದೆಂಬ ನಂಬಿಕೆ ಅಲ್ಲಿಯದು.