ಸೀಲಿಯಾಕ್ ರೋಗವೂ ಮುಂಬಯಿಯ ಕನ್ನಡ ಅಡುಗೆಮನೆಯೂ



ಸಾಹಿತ್ಯ ಸಂಗೀತಗಳ ಚರ್ಚೆಗೆ ಮೀಸಲಾದ ಮಾಟುಂಗದ ಇಂಥ ಸಭೆಯಲ್ಲಿ ಒಂದು ವ್ಯಾಧಿಯನ್ನು ಉಪನ್ಯಾಸದ ವಿಷಯವನ್ನಾಗಿ ನಾನು ಆರಿಸಿಕೊಂಡುದಕ್ಕೆ ಕಾರಣ, ಅದು ನಮ್ಮ ನಿತ್ಯಾನ್ನದೊಡನೆಯೇ ಒಳಹೊಗತಕ್ಕ ವ್ಯಾಧಿಯಾಗಿದ್ದರೂ ನಮ್ಮವರಲ್ಲಿ ಅದರ ಹೆಸರನ್ನು ಕೇಳಿದವರು ವಿರಳರೆಂಬುದೇ ಆಗಿದೆ.

ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಸಸಾರಜನಕವಿದೆ. ಚಪಾತಿಯ ಹಿಟ್ಟು ನಾದಿದಂತೆಲ್ಲ ಜಿಗುಟಾಗುವುದು ಇದರಿಂದಲೇ. ಜನ್ಮತಃ ಒಂದು ವಿಶಿಷ್ಟ ಪ್ರವೃತ್ತಿಯುಳ್ಳ ಕೆಲವರಲ್ಲಿ ಇದು ದೇಹದ ರಕ್ಷಣಾಶಕ್ತಿಯನ್ನೇ ಸಣ್ಣ ಕರುಳಿನ ಮೇಲೆ ಕೆರಳಿಸುವುದರಿಂದ, ಅನ್ನರಸವನ್ನು ಹೀರತಕ್ಕ ಸೂಕ್ಷ್ಮಾಂಕುರಗಳು ದನ ಮೇಯ್ದ ಹುಲ್ಲುಗಾವಲಿನಂತೆ ಬೋಳಾಗುತ್ತವೆ. ಇದೇ ಸೀಲಿಯಾಕ್ ರೋಗ.

1888ರಲ್ಲಿ ಲಂಡನ್ನಿನ ಸಾಮ್ಯುಯೆಲ್ ಗೀ ಎಂಬ ವೈದ್ಯನು ಈ ರೋಗವನ್ನು ವಿಶದವಾಗಿ ವರ್ಣಿಸಿ, ಗುಣವಾಗುವುದಾದರೆ ಪಥ್ಯದಿಂದಲೇ ಆಗಬೇಕೆಂದು ಹೇಳಿದನಾದರೂ, ವರ್ಜ್ಯವಾದ ಪದಾರ್ಥವಾವುದೆಂಬುದು ಅವನಿಗೆ ಹೊಳೆಯಲಿಲ್ಲ. ಅದನ್ನು ಕಂಡವನು ಹಾಲೆಂಡಿನ ಶಿಶುವೈದ್ಯ ವಿಲ್ಲೆಮ್ ಡಿಕ್ಕೆ. ಗೋಧಿಯ ಮೇಲೆ ಮೊದಲೇ ಅವನಿಗಿದ್ದ ಸಂಶಯವು ಎರಡನೆಯ ಮಹಾಯುದ್ಧದ 1944-45ರ ಕ್ಷಾಮದ ಚಳಿಗಾಲದಲ್ಲಿ, ಬ್ರೆಡ್ಡು ದುರ್ಲಭವಾದಾಗ ಚೇತರಿಸಿಕೊಂಡ ಮಕ್ಕಳು ಬ್ರೆಡ್ಡು ಮರಳಿದೊಡನೆ ಪುನಃ ಕೃಶರಾದುದನ್ನು ಕಂಡು ದೃಢವಾಯಿತು. 1950ರಲ್ಲಿ ಅದನ್ನೇ ತನ್ನ ಪ್ರೌಢಪ್ರಬಂಧದಲ್ಲಿ ಪ್ರತಿಪಾದಿಸಿದನು. ಅದೇ ಯುದ್ಧದ ಕಾಲದಲ್ಲಿ, 1943ರಿಂದ, ನಮ್ಮ ಮುಂಬಯಿಯಲ್ಲಿ ಪಡಿತರವು ಜಾರಿಗೆ ಬಂದು, ಅನ್ನವನ್ನೇ ಉಂಡು ಬೆಳೆದವರ ಮನೆಗಳಿಗೂ ಗೋಧಿಯು ಬಂದಿತು. ಅಲ್ಲಿ ಗೋಧಿ ತೊಲಗಿ ಮಕ್ಕಳು ಬದುಕಿದ ದಿನಗಳಲ್ಲಿಯೇ ಇಲ್ಲಿ ಅದು ಹೊಸ ಮನೆಗಳನ್ನು ಹೊಕ್ಕಿತೆಂಬುದು ನನ್ನನ್ನು ಚಿಂತೆಗೆ ಹಚ್ಚಿದ ಸಂಗತಿ.

2016ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದರಲ್ಲಿ ಉತ್ತರದವರಲ್ಲಿ ಶೇಕಡ 1.23ರಷ್ಟು ಕಂಡುಬಂದ ಈ ರೋಗವು ದಕ್ಷಿಣದವರಲ್ಲಿ ಕೇವಲ 0.10ರಷ್ಟಿತ್ತು. ಆದರೆ ರೋಗಕ್ಕೆ ಆಸ್ಪದವೀಯುವ ವಂಶವಾಹಿಗಳು ಉಭಯತ್ರ ಬಹುಮಟ್ಟಿಗೆ ಸಮಾನವಾಗಿದ್ದುವು. ಅಗಾಧವಾದ ಅಂತರವಿದ್ದುದು ಗೋಧಿಯ ಸೇವನೆಯಲ್ಲಿ. ಅಂದಮೇಲೆ ನಮ್ಮನ್ನು ಇದುವರೆಗೆ ಕಾಪಾಡಿದ್ದು ನಮ್ಮ ರಕ್ತವಲ್ಲ, ನಮ್ಮ ಅಕ್ಕಿ ರಾಗಿ ಜೋಳಗಳೆಂದು ನಾನು ತಿಳಿಯುತ್ತೇನೆ. ಬೆಳಿಗ್ಗೆ ಉಪ್ಪಿಟ್ಟು, ಲೋಕಲ್ ರೈಲು ಹಿಡಿಯುವ ಮುನ್ನ ವಡಾಪಾವ್, ರಾತ್ರಿ ಚಪಾತಿ ಎಂದು ಬಾಳುವ ಡೊಂಬಿವಲಿಯ ಕನ್ನಡ ಸಂಸಾರಕ್ಕೆ ಆ ಕವಚವೆಲ್ಲಿ ಉಳಿಯಿತು?

ವ್ಯಾಧಿಯ ಘೋರತೆಯಿರುವುದು ಅದರ ಮಂದಗತಿಯಲ್ಲಿ. ಅತಿಸಾರ, ಹೊಟ್ಟೆಯುಬ್ಬರಗಳು ಇದ್ದರೆ ವೈದ್ಯರಿಗೆ ಸಂಶಯವಾದರೂ ಬಂದೀತು; ಎಷ್ಟೋ ಜನರಲ್ಲಿ ಅವೂ ಇರುವುದಿಲ್ಲ. ಕಬ್ಬಿಣದ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೂ ನೀಗದ ರಕ್ತಹೀನತೆ, ಓರಗೆಯವರಂತೆ ಎತ್ತರವಾಗದ ಮಗು, ಅಕಾಲದಲ್ಲಿ ಟೊಳ್ಳಾದ ಎಲುಬು, ಮರಳಿ ಮರಳಿ ಗರ್ಭಸ್ರಾವ, ಕೆಲವರಲ್ಲಿ ನಡಿಗೆಯ ತೂಕ ತಪ್ಪಿಸುವ ನರದೌರ್ಬಲ್ಯ, ಅಪೂರ್ವವಾಗಿ ಕರುಳಿನ ಅರ್ಬುದ: ಇವಿಷ್ಟಕ್ಕೂ ಮೂಲ ಒಂದೇ ಇರಬಹುದೆಂದು ಯಾರು ತಾನೆ ಎಣಿಸುವರು? ಮಗುವಿಗೆ ದೃಷ್ಟಿಯಾಯಿತೆಂದೋ, ಸೊಸೆ ಸರಿಯಾಗಿ ಉಣ್ಣುವುದಿಲ್ಲವೆಂದೋ ಹೇಳಿ ವರ್ಷಗಳನ್ನು ಕಳೆಯುವ ಮನೆಗಳನ್ನು ನೆನೆದರೆ ನನಗೆ ವ್ಯಥೆಯಾಗುತ್ತದೆ.

ರಕ್ತದ ಪರೀಕ್ಷೆಯೂ, ಕರುಳಿನ ಒಳಪದರದ ತುಣುಕಿನ ಪರೀಕ್ಷೆಯೂ ರೋಗವನ್ನು ನಿಶ್ಚಯಿಸುತ್ತವೆ. ಆದರೆ ಪರೀಕ್ಷೆಗೆ ಮೊದಲೇ ಗೋಧಿಯನ್ನು ಬಿಟ್ಟವರಲ್ಲಿ ಅದರ ಗುರುತುಗಳು ಮಾಸಿಹೋಗುವುದರಿಂದ, ಆ ತನಕ ಎಂದಿನ ಊಟವನ್ನೇ ಮಾಡತಕ್ಕದ್ದು. ರೋಗಿಯ ತಾಯಿತಂದೆಗಳೂ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷಿಸಿಕೊಳ್ಳಬೇಕು. ಔಷಧವಿಲ್ಲ, ಯಾವಜ್ಜೀವ ಪಥ್ಯವೇ ಚಿಕಿತ್ಸೆ.

ಆ ಪಥ್ಯ ನಮಗೆ ಪರಕೀಯವಲ್ಲ. ನೀರುದೋಸೆ, ಅಕ್ಕಿಯ ಕಡುಬು, ಜೋಳದ ರೊಟ್ಟಿ, ರಾಗಿಮುದ್ದೆಗಳಲ್ಲಿ ದೋಷವಿಲ್ಲ. ಎಚ್ಚರ ಬೇಕಾದುದು ಕಣ್ಣಿಗೆ ಕಾಣದ ಗೋಧಿಯ ವಿಷಯದಲ್ಲಿ: ಪೇಟೆಯ ಇಂಗಿಗೆ ಅನೇಕ ವೇಳೆ ಮೈದಾ ಬೆರೆತಿರುವುದರಿಂದ ನಮ್ಮ ಸಾರು ಹುಳಿಗಳೂ ನಿರ್ದೋಷವಲ್ಲ, ರವಾದೋಸೆ ಹುಯ್ದ ಕಾವಲಿಯ ಮೇಲೆಯೇ ಸಾದಾ ದೋಸೆ ಹುಯ್ದರೆ ಅದೂ ಕೆಟ್ಟಿತು. ಗ್ಲುಟೆನ್‌ರಹಿತವೆಂದು ಮಾರುವ ಆಹಾರದಲ್ಲಿ ಕಿಲೋವಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂದು ನಮ್ಮ ಸರಕಾರದ ನಿಯಮವೇ ಇದೆ.

ಇನ್ನು ಪ್ರಸಾದದ ಮಾತು. ಚಾಳಿನ ಸತ್ಯನಾರಾಯಣ ಪೂಜೆಯಲ್ಲಿ ಗೋಧಿರವೆಯ ಸಪಾದಭಕ್ಷ್ಯವನ್ನು ಬೇಡವೆನ್ನಲಾರದೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುವ ರೋಗಿಯ ಸಂಕಟವನ್ನು ಬಂಧುಗಳು ಅರಿಯಬೇಕು. ಏಕೆಂದರೆ ಆ ಚಿಟಿಕೆಯೂ ಅವನ ಕರುಳಿಗೆ ಅಹಿತವೇ. ಗೋಧಿಯ ಅಭಾವದಲ್ಲಿ ಅಕ್ಕಿಯ ಹಿಟ್ಟು ಆಗಬಹುದೆಂದು ಆ ವ್ರತಕಥೆಯೇ ಸಮ್ಮತಿಸಿದೆ. ಮುಂದಿನ ಹುಣ್ಣಿಮೆಗೆ ನಿಮ್ಮ ಮನೆಗೆ ಬರುವ ಪುರೋಹಿತರಲ್ಲಿ ಅದನ್ನೊಮ್ಮೆ ವಿಚಾರಿಸಿ ನೋಡಿರಿ.